ಮಾವ ಇಳಿಸುತ್ತಿದ್ದ ಜೆಟ್ಟುಗಳು

ಆರು ವರ್ಷ ನಾನು ಫೋಮಿನ ಜೆಟ್ಟು ಹಾರಿಸಿದೆ. ಆ ಆರು ವರ್ಷದಲ್ಲಿ ಒಂದನ್ನೂ ನಾನಾಗಿ ಮುರಿಯದೆ ನೆಲಕ್ಕೆ ಇಳಿಸಲಿಲ್ಲ. ಹಾರಿಸುವುದು ನಾನು, ಇಳಿಸುವುದು ಮಾವ. ಮೂರು ನಿಮಿಷ ಆಯಿತೆಂದು ಫೋನಿನ ಅಲಾರಂ ಕೂಗಿದ ಕೂಡಲೇ ರಿಮೋಟನ್ನು ಅವನ ಕೈಗೆ ದಾಟಿಸಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಕೊನೆಯ ಏಳೆಂಟು ತಿಂಗಳು ಅವನ ಕಣ್ಣು ಹೋಗುತ್ತಿತ್ತು. ಪಕ್ಕದಲ್ಲೇ ನಿಂತಿದ್ದ ನನಗೆ ಅದು ಗೊತ್ತಾಗಲಿಲ್ಲ. ಗೊತ್ತಾಗದೆ ಹೋದದ್ದಕ್ಕೆ ಕಾರಣ ನನ್ನ ಬಾಯಿ. ಬಾಯಿ ಜಾಸ್ತಿ ಎಂದು ನನ್ನನ್ನು ಬೈದವರು ಬಹಳ ಜನ ಇದ್ದಾರೆ, ಆದರೆ ಇಂಥದೊಂದು ಕಾರಣಕ್ಕೆ ಯಾರೂ ಬೈದಿರಲಿಲ್ಲ.

ಮಾವ ಎಂದರೆ ನನ್ನ ತಾಯಿಯ ತಮ್ಮ. ಕೊಳ್ಳೇಗಾಲದಲ್ಲಿ ಅವನದೊಂದು ಟಿವಿ ರಿಪೇರಿ ಅಂಗಡಿ. ಡಬ್ಬದಂಥ ಟಿವಿಗಳ ಕಾಲದಲ್ಲಿ ಅಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಗೋಡೆಗೆ ನೇತುಹಾಕುವ ತೆಳ್ಳನೆಯ ಟಿವಿ ಬಂದ ಮೇಲೆ ರಿಪೇರಿ ಕಮ್ಮಿಯಾಗಿ, ಹೊಸ ಟಿವಿ ತಂದವರ ಮನೆಗೆ ಹೋಗಿ ಗೋಡೆಗೆ ಮೊಳೆ ಹೊಡೆಯುವುದೇ ಕೆಲಸವಾಯಿತು. ಹೊಡೆದು ಬರುವಾಗ "ಇದು ಬ್ಯಾಡ್ವಾ ನಿಮ್ಗೆ?" ಎಂದು ಕೇಳಿ ಪೆಟ್ಟಿಗೆಯೊಳಗಿನ ಥರ್ಮಾಕೋಲನ್ನು ಎತ್ತಿಕೊಂಡು ಬರುತ್ತಿದ್ದ. ಅದರಿಂದಲೇ ಅವನ ಮೊದಲ ವಿಮಾನ. ಹಾರುವುದಕ್ಕಿಂತ ಹೆಚ್ಚಾಗಿ ಉದುರಿತು. ಅಂಗಡಿಯ ತುಂಬ ಬಿಳಿ ಕಾಳು ಕಾಳು. ಅತ್ತೆ ಒಂದು ವಾರ ಗುಡಿಸಿದಳು, ಆ ವಾರ ಪೂರ್ತಿ ಬೈದಳು.

ಆಮೇಲೆ ಉದುರದ ತೆಳು ಫೋಮ್ ಶೀಟು ಆನ್‌ಲೈನಿನಲ್ಲಿ ಸಿಗುತ್ತದೆಂದು ತಿಳಿಯಿತು. ಜೆಟ್ಟಿನ ನಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಹದಿನಾರು ಹಾಳೆಗಳಾಗಿ ಪ್ರಿಂಟು ಹಾಕಿಸಿ, ಅಂಚಿಗೆ ಅಂಚು ಸೇರಿಸಿ ಅಂಟಿಸಿ, ಶೀಟಿನ ಮೇಲೆ ಇಟ್ಟು ಬ್ಲೇಡಿನಿಂದ ಕೊಯ್ಯಬೇಕು. ಬ್ಲೇಡು ಒಂಚೂರು ಮೊಂಡಾದರೂ ಫೋಮು ಕೊಯ್ಯುವುದಿಲ್ಲ, ಹರಿಯುತ್ತದೆ. ರೆಕ್ಕೆಯೊಳಗೆ ಬಿದಿರಿನ ಕಡ್ಡಿ, ರೆಕ್ಕೆಯ ಹಿಂಬದಿಯ ಪಟ್ಟಿಗಳನ್ನು ಎತ್ತಿ ಇಳಿಸಲು ಸೈಕಲ್ಲಿನ ಕಡ್ಡಿ. ದೂರದಿಂದ ನೋಡಿದರೆ ಯುದ್ಧದ ವಿಮಾನ, ಹತ್ತಿರ ಬಂದರೆ ಹಿಂದುಗಡೆ ತಿರುಗುವ ಒಂದು ಪುಟ್ಟ ಫ್ಯಾನು ಕಾಣುತ್ತದೆ. ನಾವು ಅದನ್ನು ಜೆಟ್ಟೆಂದೇ ಕರೆಯುತ್ತಿದ್ದೆವು. ಯಾರಾದರೂ "ಇದು ಫ್ಯಾನಲ್ವಾ?" ಎಂದರೆ ಮಾವನಿಗೆ ಮೂಗಿನ ತುದಿಗೆ ಕೋಪ ಬರುತ್ತಿತ್ತು. ಕೋಪ ನಮ್ಮ ಮನೆತನದ್ದು, ನನಗೂ ಅಲ್ಲಿಂದಲೇ ಬಂದದ್ದು.

ನಾನು ಬಸ್ಸಿನ ಕಂಡಕ್ಟರ್. ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ರೂಟು ಜಾಸ್ತಿ, ಒಮ್ಮೊಮ್ಮೆ ಯಳಂದೂರು. ದಿನಪೂರ್ತಿ ಬಾಯಿಯದೇ ಕೆಲಸ. ಒಳಕ್ಕೆ ಹೋಗ್ರಿ, ಬಾಗಿಲಲ್ಲಿ ನಿಂತ್ಕೋಬೇಡ್ರಿ, ಆಧಾರ್ ಕಾರ್ಡು ಸೆರಗಿನ ಗಂಟಿನಲ್ಲಿದ್ದರೆ ಮೊದಲೇ ಬಿಚ್ಚಿ ಇಟ್ಕೊಳ್ಳಿ. ಬೆಟ್ಟದ ಸ್ಟ್ಯಾಂಡಿನಲ್ಲಿ ಬಸ್ಸು ರಿವರ್ಸ್ ತೆಗೆಯುವಾಗ ಹಿಂದೆ ನಿಂತು, ಬಸ್ಸಿನ ಮೈ ತಟ್ಟುತ್ತ, "ಬರ್ಲಿ, ಬರ್ಲಿ, ಬರ್ಲಿ, ಕಂಬ ಅದೆ, ವಸಿ ಮುಂದಕ್ಕೆ ಒಡ್ಕಳಿ, ಬರ್ಲಿ, ಓಲ್ಡಾನ್!" ಎಂದು ಕೂಗಬೇಕು. ಡ್ರೈವರಿಗೆ ಹಿಂದಿನದು ಕಾಣುವುದಿಲ್ಲ. ಅವನು ಬಸ್ಸು ತೆಗೆಯುವುದು ನನ್ನ ಬಾಯಿಯ ಮೇಲೆ. ಹನ್ನೆರಡು ವರ್ಷ ಹೀಗೆ ಕೂಗಿದವಳಿಗೆ ಚಲಿಸುವ ವಸ್ತು ಯಾವುದು ಕಂಡರೂ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಮನೆಯಲ್ಲಿ ನನ್ನ ಗಂಡ ಸ್ಕೂಟರ್ ಒಳಗೆ ತರುವಾಗಲೂ ಬರ್ಲಿ ಬರ್ಲಿ ಎನ್ನುತ್ತೇನೆ. ಅವನು ತಲೆ ಚಚ್ಚಿಕೊಳ್ಳುತ್ತಾನೆ.

ಈ ಜೆಟ್ಟಿನ ಹುಚ್ಚು ನನಗೆ ಹತ್ತಿದ್ದು ಮಾವನ ಅಂಗಡಿಯಲ್ಲಿ, ನನ್ನ ವಾರದ ರಜೆಯ ಒಂದು ದಿನ. ಹಿಡಿದುಕೋ ಎಂದು ರೆಕ್ಕೆ ಕೊಟ್ಟ. ಹಿಡಿದುಕೊಂಡೆ. ಅಷ್ಟೇ. ಬೇರೆ ಹೆಂಗಸರಿಗೆ ಏನೇನು ಹುಚ್ಚು ಇರುತ್ತದೋ ನನಗೆ ಗೊತ್ತಿಲ್ಲ, ನನಗೆ ಇದು. ಮೊದಮೊದಲು ಯಳಂದೂರಿನ ಹತ್ತಿರ ನನ್ನ ತವರಿನ ಬಯಲಿನಲ್ಲಿ ಹಾರಿಸಿದೆವು. ಅಲ್ಲಿ ಜನ ಸೇರುತ್ತಿದ್ದರು, ಕಂಡಕ್ಟರಮ್ಮ ಬಸ್ಸು ಸಾಕಾಗದೆ ವಿಮಾನ ಹತ್ತಿದ್ದಾಳೆ ಎಂದು ನಗುತ್ತಿದ್ದರು. ಸಾಕಾಯಿತು. ಆಮೇಲೆ ಕಾಮಗೆರೆ ದಾಟಿ ಒಳಕ್ಕೆ ಹೋದರೆ ಸಿಗುವ ಒಂದು ಕೆರೆಗೆ ಬದಲಾಯಿಸಿದೆವು. ಬೇಸಿಗೆಯಲ್ಲಿ ಅದರ ಅಂಗಳ ಒಣಗಿ ಗಟ್ಟಿಯಾಗಿರುತ್ತದೆ, ಚಕ್ರವಿಲ್ಲದ ಜೆಟ್ಟು ಹೊಟ್ಟೆಯ ಮೇಲೆ ಜಾರಿ ನಿಲ್ಲಲು ಗರಿಕೆ ಹುಲ್ಲು. ಮೂಡಲಿಗೆ ಕೆರೆಯ ಏರಿ, ಪಡುವಲಿಗೆ ಒಂದು ಹುಣಸೇಮರ, ತೆಂಕಲಿಗೆ ಬಿಳಿಗಿರಿರಂಗನ ಬೆಟ್ಟದ ಸಾಲು. ಬೆಳಗ್ಗೆ ಏಳರಿಂದ ಎಂಟೂವರೆ, ಗಾಳಿ ಏಳುವ ಮುಂಚೆ.

ಹಾರಿಸುವುದು ನನಗೆ ಬೇಗ ಬಂತು. ಇಳಿಸುವುದು ಬರಲಿಲ್ಲ. ಮೊದಲ ಎರಡನ್ನು ನಾನೇ ಇಳಿಸಲು ಹೋಗಿ ಎರಡರ ಮೂತಿಯನ್ನೂ ಕುಟ್ಟಿ ಹಾಕಿದೆ. ಇಳಿಸುವುದೆಂದರೆ ಎತ್ತರದಲ್ಲಿರುವಾಗಲೇ ಪವರ್ ತೆಗೆದು, ಅದು ಬೀಳುತ್ತಿದೆ ಎನಿಸಿದರೂ ಸುಮ್ಮನಿದ್ದು, ನೆಲ ಹತ್ತಿರ ಬಂದಾಗ ಮೂತಿಯನ್ನು ಕೂದಲೆಳೆಯಷ್ಟು ಎತ್ತುವುದು. ಸುಮ್ಮನಿರುವುದು ನನ್ನಿಂದ ಆಗದ ಕೆಲಸ. ಹೆದರಿ ಪವರ್ ಕೊಡುತ್ತಿದ್ದೆ, ಅದು ನೆಗೆಯುತ್ತಿತ್ತು, ಇನ್ನೂ ಹೆದರಿ ಪೂರ್ತಿ ತೆಗೆಯುತ್ತಿದ್ದೆ, ದಬಕ್. ಮೂರನೆಯ ಜೆಟ್ಟಿಗೆ ಮಾವ ಕೈ ಚಾಚಿದ. "ತತ್ತಾ ಇಲ್ಲಿ, ನಿನ್ ಕೈಲಿ ಆಗಾದಿಲ್ಲ." ಅಲ್ಲಿಂದ ಅದೇ ರೂಢಿಯಾಯಿತು. ಅವನ ಹೆಬ್ಬೆರಳು ರಿಮೋಟಿನ ಕಡ್ಡಿಯ ಮೇಲೆ ಕೂತರೆ ಜೆಟ್ಟು ಮಗು ತೊಟ್ಟಿಲಿಗೆ ಇಳಿದ ಹಾಗೆ ಇಳಿಯುತ್ತಿತ್ತು.

ಅವನು ತನ್ನ ಜೆಟ್ಟು ಹಾರಿಸುವಾಗ, ನನ್ನದನ್ನು ಇಳಿಸುವಾಗ, ನಾನು ಪಕ್ಕದಲ್ಲಿ ನಿಂತು ಬಾಯಿ ಬಿಡುತ್ತಲೇ ಇರುತ್ತಿದ್ದೆ. "ಏರಿ ಮೇಲದೆ. ಈಗ ಬಡಗ್ಲಿಗೆ ತಿರುಗ್ತಾ ಅದೆ. ರೆಕ್ಕೆ ವಾಲ್ತು, ಪಡುವ್ಲು ರೆಕ್ಕೆ, ಎತ್ತು. ಹುಣಸೇಮರ, ಹುಣಸೇಮರ! ಆಂ, ದಾಟ್ತು." ಎಡ ಬಲ ನಾನು ಹೇಳುತ್ತಿರಲಿಲ್ಲ. ಜೆಟ್ಟು ನಮ್ಮಿಂದ ದೂರ ಹೋಗುವಾಗ ಅದರ ಬಲವೇ ನಮ್ಮ ಬಲ, ತಿರುಗಿ ನಮ್ಮತ್ತ ಬಂದರೆ ಎಲ್ಲ ಅದಲುಬದಲು. ಹಾರಿಸಲು ಕಲಿಯುವವರ ಅರ್ಧಕ್ಕರ್ಧ ವಿಮಾನಗಳು ಮುರಿಯುವುದು ಇದರಿಂದಲೇ. ನಮ್ಮ ಕಡೆ ಪಂಕ್ತಿಯಲ್ಲಿ ಊಟಕ್ಕೆ ಕೂತವನಿಗೂ "ವಸಿ ಪಡುವ್ಲಿಗೆ ಸರ್ಕಳಪ್ಪ" ಎನ್ನುತ್ತಾರೆ, ಹಾಗಾಗಿ ನನಗೂ ಅವನಿಗೂ ಆ ತಾಪತ್ರಯ ಇರಲಿಲ್ಲ. ಮೂಡಲು ಯಾವತ್ತೂ ಮೂಡಲೇ.

ಮೊದಮೊದಲು ಅವನಿಗೆ ನನ್ನ ಈ ಕೂಗಾಟ ಆಗುತ್ತಿರಲಿಲ್ಲ. "ಇದೇನ್ ನಿನ್ ಬಸ್ಸೇನೇ? ಬಾಯ್ ಮುಚ್ಕಂಡ್ ನಿಂತ್ಕೊ" ಎಂದು ಗದರುತ್ತಿದ್ದ. ಆಮೇಲೆ ಯಾವಾಗಲೋ ಗದರುವುದನ್ನು ಬಿಟ್ಟ. ವಯಸ್ಸಾಯಿತು, ಮೆತ್ತಗಾದ ಎಂದುಕೊಂಡೆ. ಬೈಕು ಬಿಟ್ಟು ನನ್ನ ಸ್ಕೂಟರಿನ ಹಿಂದೆ ಕೂರಲು ಶುರು ಮಾಡಿದ, ಎರಡೆರಡು ಗಾಡಿ ಯಾಕೆ ದಂಡಕ್ಕೆ ಎಂದ, ಸರಿ ಎಂದೆ. ಜೆಟ್ಟಿನ ಹೊಟ್ಟೆಗೆ ಕಿತ್ತಳೆ ಬಣ್ಣದ ಅಗಲ ಪಟ್ಟಿ ಬಳಿದ, ಚೆನ್ನಾಗಿದೆ ಎಂದೆ. ಒಂದು ಸಲ ನನಗೆ ಗಂಟಲು ಕಟ್ಟಿ ಸ್ವರವೇ ಹೊರಡುತ್ತಿರಲಿಲ್ಲ. ಕೆರೆಯವರೆಗೆ ಹೋದ ಮೇಲೆ ಅವನು "ಗಾಳಿ ಜಾಸ್ತಿ ಅದೆ, ಇವತ್ತು ಬ್ಯಾಡ" ಎಂದ. ಹುಣಸೇಮರದ ಒಂದು ಎಲೆ ಅಲ್ಲಾಡುತ್ತಿರಲಿಲ್ಲ. ಬೆಳ್ಳಂಬೆಳಗ್ಗೆ ಎದ್ದು ಬಂದದ್ದು ದಂಡವಾಯಿತಲ್ಲ ಎಂದು ನನಗೆ ಸಿಟ್ಟು ಬಂತೇ ಹೊರತು ಬೇರೇನೂ ಹೊಳೆಯಲಿಲ್ಲ. ಬುದ್ಧಿ ಇದ್ದಿದ್ದರೆ ಅವತ್ತೇ ಗೊತ್ತಾಗಬೇಕಿತ್ತು.

ಈ ವರ್ಷ ಬೇಸಿಗೆಯ ಹೊತ್ತಿಗೆ ನಾನು ಹೊಸದೊಂದು ಜೆಟ್ಟು ಮಾಡುತ್ತಿದ್ದೆ. ಹಿಂದೆ ಎರಡು ಬಾಲ, ಮೈ ಪೂರ್ತಿ ಬೂದು. ಮೂರು ವಾರಗಳ ರಜೆಯ ದಿನಗಳೂ ಡ್ಯೂಟಿ ಮುಗಿದ ಸಂಜೆಗಳೂ ಅದಕ್ಕೇ ಹೋದವು. ಉಜ್ಜಿ ಉಜ್ಜಿ ಅಂಚುಗಳನ್ನು ಎಷ್ಟು ನುಣುಪು ಮಾಡಿದ್ದೆನೆಂದರೆ ಅತ್ತೆ ಕೂಡ ಮುಟ್ಟಿ ನೋಡಿ ಸುಮ್ಮನೆ ಹೋದಳು. ಅವಳು ಬೈಯದೆ ಹೋಗುವುದು ಹೊಗಳಿದಂತೆಯೇ. ಬಣ್ಣ ಹೊಡೆಯುವ ಮೊದಲು ರೆಕ್ಕೆಯ ಮೇಲಿನ ಪೆನ್ಸಿಲ್ ಗೆರೆಗಳನ್ನು ಒರೆಸಬೇಕಿತ್ತು. ಮಾವ "ನಾ ಒರಸ್ತೀನಿ ಕೊಡು" ಎಂದು ಬಟ್ಟೆ ತೆಗೆದುಕೊಂಡ.

ಅಂಗಡಿಯ ಹಲಗೆಯ ಮೇಲೆ ಎರಡು ಬಾಟಲಿ ಇರುತ್ತವೆ. ಒಂದು ಸ್ಪಿರಿಟ್ಟು, ಒಂದು ಥಿನ್ನರು. ಸ್ಪಿರಿಟ್ಟು ಫೋಮಿಗೆ ಏನೂ ಮಾಡುವುದಿಲ್ಲ. ಥಿನ್ನರು ತಗುಲಿದರೆ ಬಿಸಿ ಹೆಂಚಿಗೆ ಬಿದ್ದ ಬೆಣ್ಣೆ. ನನಗೆ ಈ ವಿದ್ಯೆಯ ಮೊದಲ ಪಾಠವಾಗಿ ಅವನು ಹೇಳಿಕೊಟ್ಟದ್ದೇ ಅದು. ಆ ದಿನ ಅವನು ಪಕ್ಕಕ್ಕೆ ನೋಡದೆ ಕೈ ಚಾಚಿ ಬಾಟಲಿ ಎತ್ತಿಕೊಂಡ, ಬಟ್ಟೆಗೆ ಸುರಿದ, ರೆಕ್ಕೆಯ ಮೇಲೆ ಎಳೆದ. ನಾನು ನೋಡುವ ಹೊತ್ತಿಗೆ ಅಂಗೈ ಅಗಲದ ಹಳ್ಳ ಬಿದ್ದು ಒಳಗಿನ ಬಿದಿರು ಕಡ್ಡಿ ಕಾಣುತ್ತಿತ್ತು.

ನನಗೆ ಮೈ ಉರಿದುಹೋಯಿತು. "ಅಯ್ಯೋ ಮಾದೇವಾ! ಏನ್ ಮಾಡ್ದೆ ಮಾವ? ಥಿನ್ನರ್ ಅಂತ ಅಷ್ಟ್ ದಪ್ಪಕ್ಕೆ ಬರ್ದದೆ, ಕಣ್ಣ್ ಕಾಣಲ್ವಾ ನಿಂಗೆ?"

"ಬಾಟ್ಲಿ ಜಾಗ ಬದಲಾಯ್ಸಿದ್ಯಾರು?" ಎಂದು ಅವನೂ ಕೂಗಿದ. "ಇಪ್ಪತ್ ವರ್ಷದಿಂದ ಗ್ವಾಡೆ ಕಡೆಗೆ ಥಿನ್ನರು, ಬಾಗ್ಲು ಕಡೆಗೆ ಸ್ಪಿರಿಟ್ಟು. ಯಾರ್ ಮುಟ್ಟಿದ್ದು?"

ಮುಟ್ಟಿದ್ದು ನಾನೇ. ಹಿಂದಿನ ವಾರ ಹಲಗೆ ಒರೆಸಿ ಜೋಡಿಸಿದ್ದೆ. ಆದರೆ ಜಾಗ ನೋಡಿ ಬಾಟಲಿ ತೆಗೆಯುವವರು ಯಾರು? ಜನ ಚೀಟಿ ನೋಡಿ ತೆಗೆಯುತ್ತಾರೆ. ಅದನ್ನೇ ಹೇಳಿದೆ, ಇನ್ನೂ ನಾಲ್ಕು ಸೇರಿಸಿ ಹೇಳಿದೆ. ಅವನು ಮರುಮಾತಾಡದೆ ಬಟ್ಟೆ ಮಡಚಿಟ್ಟ. ಅವನು ಸುಮ್ಮನಾದದ್ದು ನನ್ನ ಸಿಟ್ಟಿಗೆ ತುಪ್ಪ ಸುರಿದಂತಾಯಿತು. "ಇನ್ಮೇಲೆ ನಿನ್ ವಿಮಾನುದ್ ಇಷ್ಯಕ್ಕೆ ನಾ ಬಾಯ್ ಆಕಿದ್ರೆ ಕೇಳು" ಎಂದು ಹೇಳಿ ಎದ್ದು ಬಂದೆ. ಅತ್ತೆ ಬಾಗಿಲಲ್ಲಿ ನಿಂತು, "ಸಣ್ ಐಕ್ಳಂಗೆ ಆಡ್ತೀರಲ್ಲ ಇಬ್ರೂ" ಎಂದಳು.

ಮುಂದಿನ ವಾರದ ರಜೆಯ ದಿನ ಎಂದಿನಂತೆ ಸ್ಕೂಟರ್ ತೆಗೆದುಕೊಂಡು ಹೋದೆ. ಮುನಿಸಿದ್ದರೂ ಬೆಳಗಿನ ಗಾಳಿ ನಿಂತಿರುವಾಗ ಮನೆಯಲ್ಲಿ ಕೂರುವುದು ನನಗೆ ಆಗುವುದಿಲ್ಲ. ಅವನು ತನ್ನ ಹಳೆಯ ಜೆಟ್ಟನ್ನು, ಹೊಟ್ಟೆಗೆ ಕಿತ್ತಳೆ ಪಟ್ಟಿ ಇರುವುದನ್ನು, ಮಡಿಲಲ್ಲಿ ಇಟ್ಟುಕೊಂಡು ಹಿಂದೆ ಕೂತ. ಕೆರೆಯಲ್ಲಿ ಅವನು ರಿಮೋಟು ಹಿಡಿದ, ನಾನು ಜೆಟ್ಟನ್ನು ಎಸೆದೆ. ಎಸೆದು ಬಂದು ಅವನ ಪಕ್ಕ ನಿಂತು ತುಟಿ ಬಿಗಿದುಕೊಂಡೆ.

ಮೊದಲ ಸುತ್ತು ನೆಟ್ಟಗೆ ಹೋಯಿತು. ಎರಡನೆಯದರಲ್ಲಿ ಅವನು ನನ್ನ ಕಡೆ ಕಿವಿ ವಾಲಿಸಿದ. "ಏನವ್ವ, ಮಾತೇ ಇಲ್ಲ ಇವತ್ತು?" ಎಂದ. ನಾನು ಉತ್ತರ ಕೊಡಲಿಲ್ಲ. ಕಾಡಿ ಬೇಡಲಿ, ತಪ್ಪಾಯಿತು ಎನ್ನಲಿ ಎಂದು ಒಳಗೊಳಗೇ ಖುಷಿಯೂ ಆಗುತ್ತಿತ್ತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗುತ್ತಿದ್ದದ್ದು ಅದೇ. "ಏನಾರ ಅನ್ನು" ಎಂದ. ನಾನು ಅನ್ನಲಿಲ್ಲ.

ಜೆಟ್ಟು ಹುಣಸೇಮರದ ಆಚೆ ತಿರುಗಿತು. ಅಲ್ಲಿಂದ ಬಡಗಲಿಗೆ ಹೊರಳಿ ಅಂಗಳದ ಮೇಲೆ ಬರಬೇಕು. ಅದು ತೆಂಕಲಿಗೆ ಹೊರಳಿತು. ತೆಂಕಲಿನ ಅಂಚಿನಲ್ಲಿ ಒಬ್ಬ ಹೆಂಗಸು ಬಗ್ಗಿ ಹುಲ್ಲು ಕುಯ್ಯುತ್ತಿದ್ದಳು. ಜೆಟ್ಟು ಮೂತಿ ಬಗ್ಗಿಸಿತು, ಪವರ್ ತುಂಬಾ ಇತ್ತು. ಆಗ ನನ್ನ ಬಾಯಿ ತೆರೆಯಿತು. "ಮಾವ, ಎತ್ತು! ಎತ್ತು!" ಎಂದೆನೋ, ಬರೀ ಕಿರುಚಿದೆನೋ. ಅದು ಅವಳ ಹುಲ್ಲಿನ ಹೊರೆಗೆ ಒಂದು ಮಾರು ದೂರದಲ್ಲಿ ನೆಲಕ್ಕೆ ಬಡಿದು ಚೂರಾಯಿತು.

"ಅಯ್ಯಯ್ಯೋ, ನಿಮ್ ಕೈ ಸೇದೋಗ! ತಲೆ ತೆಗ್ಯಾಕ್ ಬಂದಿದ್ದೀರೇನ್ರೋ?" ಎಂದು ಅವಳು ಕುಡುಗೋಲು ಎತ್ತಿಕೊಂಡೇ ಎದ್ದು ನಿಂತಳು. ನನ್ನನ್ನು ನೋಡಿ, "ನೀನಾರಾ ಎಣ್ಣೆಂಗ್ಸು, ನೋಡಿ ಏಳ್ಬಾರ್ದಾ?" ಎಂದಳು.

ನಾನು ಓಡಲು ಹೊರಟು ಮಾವನ ಕಡೆ ತಿರುಗಿದೆ. ಅವನು ಹುಣಸೇಮರದ ಮೇಲಿನ ಆಕಾಶ ನೋಡುತ್ತ ನಿಂತಿದ್ದ. ಅವನ ಎರಡೂ ಹೆಬ್ಬೆರಳು ಕಡ್ಡಿಗಳನ್ನು ಮೆಲ್ಲಗೆ, ಎಚ್ಚರಿಕೆಯಿಂದ ಆಡಿಸುತ್ತಿದ್ದವು. ಜೆಟ್ಟು ಚೂರಾಗಿ ಬಿದ್ದು ಅಷ್ಟು ಹೊತ್ತಾಗಿತ್ತು, ಅವನು ಇನ್ನೂ ಹಾರಿಸುತ್ತಿದ್ದ. ಹೆಂಗಸಿನ ಕೂಗು ಕೇಳಿದ ಮೇಲೆ ಬೆರಳು ನಿಂತಿತು. "ಬಿತ್ತಾ?" ಎಂದ. ಆಮೇಲೆ, "ಯಾರ್ಗಾರ ಏಟಾಯ್ತಾ?" ಎಂದ.

ಯಾರಿಗೂ ಆಗಲಿಲ್ಲ. ನಾನು ಹೋಗಿ ಆ ಹೆಂಗಸಿನ ಕಾಲು ಮುಟ್ಟುವುದೊಂದು ಬಾಕಿ, ಅಷ್ಟು ಕೇಳಿಕೊಂಡೆ. ಅವಳು ಬೈಯುತ್ತಲೇ ಹೊರೆ ಕಟ್ಟಿದಳು, ಹೊರೆ ಎತ್ತಲು ನನ್ನನ್ನೇ ಕರೆದಳು. ಅವಳ ತಲೆಯ ಮೇಲೆ ಅದನ್ನು ಎತ್ತಿಟ್ಟೆ.

ಏರಿಯ ಮೇಲೆ ಕೂತು ಮಾವ ಹೇಳಿದ. ದೀಪಾವಳಿಗೂ ಮುಂಚಿನಿಂದ ಅಕ್ಕಪಕ್ಕದ್ದು ಕಾಣುತ್ತಿಲ್ಲ. ನೇರಕ್ಕೆ ಕೊಳವೆಯಲ್ಲಿ ನೋಡಿದಷ್ಟು ಕಾಣುತ್ತದೆ. ಜೆಟ್ಟು ಆ ಕೊಳವೆಯೊಳಗಿದ್ದರೆ ಅದೆ, ಆಚೆ ಹೋದರೆ ಇಲ್ಲ. "ನೀ ಏರಿ ಮೇಲದೆ ಅಂದ್ರೆ ಅಲ್ಲಿಗೆ ಮಕ ತಿರುಗಿಸ್ತಿದ್ದೆ, ಸಿಕ್ತಿತ್ತು. ನೀ ಮರ ಅಂದ್ರೆ ಮರ. ಇಳ್ಸೋದು ಏನೂ ಕಷ್ಟಿಲ್ಲ, ನೆಟ್ಟುಗೆ ನಮ್ ಕಡೀಕೇ ಬತ್ತದೆ. ತಿರುಗೋ ಕಡೆನೇ ಕಳ್ದೋಗದು."

"ನಂಗ್ಯಾಕ್ ಏಳ್ಲಿಲ್ಲ?" ಎಂದೆ.

"ಏಳಿದ್ರೆ ಬುಡ್ತಿದ್ಯಾ ನೀನು?"

ಬಿಡುತ್ತಿರಲಿಲ್ಲ. ಆದರೆ ಆ ಹೊತ್ತಿಗೆ ನನಗೆ ಬಂದದ್ದು ಕನಿಕರವಲ್ಲ, ಕೆಟ್ಟ ಸಿಟ್ಟು. ಏಳೆಂಟು ತಿಂಗಳು ನನಗೇ ಗೊತ್ತಿಲ್ಲದೆ ನನ್ನನ್ನು ಬಳಸಿಕೊಂಡಿದ್ದ. ನನ್ನ ಬಾಯಿ ತಪ್ಪಿದ್ದರೆ ಯಾರದೋ ತಲೆ ಹೋಗುತ್ತಿತ್ತು, ಅದು ನನ್ನ ತಲೆಗೆ ಬರುತ್ತಿತ್ತು. ನನ್ನ ಜೆಟ್ಟುಗಳನ್ನೂ ಹೀಗೇ ಇಳಿಸುತ್ತಿದ್ದ ಎನ್ನುವುದು ಮನೆಗೆ ಬಂದ ಮೇಲೆ ಹೊಳೆಯಿತು. ನನಗೆ ಇಳಿಸಲು ಬರುವುದಿಲ್ಲ ಎಂದು ಕೊಡುತ್ತಿದ್ದೆ, ಅವನಿಗೆ ಕಾಣುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ, ಎಲ್ಲವೂ ಚೆನ್ನಾಗಿ ಇಳಿಯುತ್ತಿದ್ದವು.

ಮೈಸೂರಿನ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಬೋಗುಣಿಯಂಥ ಒಂದು ಬಿಳಿ ಯಂತ್ರದೊಳಗೆ ಮುಖವಿಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಅವನ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕೂತಿತ್ತು. ಒಮ್ಮೆ ಒತ್ತಿತು, ಮತ್ತೆ ಬಹಳ ಹೊತ್ತು ಇಲ್ಲ. ನನಗೆ ಚುಕ್ಕಿ ಕಾಣುತ್ತಿರಲಿಲ್ಲ, ಕಂಡಿದ್ದರೆ ಖಂಡಿತ ಕೂಗಿಬಿಡುತ್ತಿದ್ದೆ. ಡಾಕ್ಟರು ಹಾಳೆ ತೋರಿಸಿದರು. ಎರಡು ವೃತ್ತ, ಅಂಚೆಲ್ಲ ಕಪ್ಪು, ನಡುವೆ ಒಂದಿಷ್ಟು ಬಿಳಿ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಹೀಗಾಗಿದೆ, ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನಾ ಎರಡು ಹೊತ್ತು ಹನಿ ಹಾಕಬೇಕು, ಜೀವನಪೂರ್ತಿ. "ಗಾಡಿ ಓಡಿಸ್ತೀರಾ?" ಎಂದು ಕೇಳಿದರು. "ಇಲ್ಲ ಸಾ" ಎಂದ ಮಾವ. ಜೆಟ್ಟಿನ ವಿಷಯ ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ಟಿ. ನರಸೀಪುರ ದಾಟಿದ ಮೇಲೆ ಅವನು ಬಾಯಿ ಬಿಟ್ಟ. ನಾನು ಅಂದುಕೊಂಡಿದ್ದನ್ನೇ ಕೇಳಿದ.

"ನೀ ಪಕ್ಕದಲ್ಲಿ ನಿಂತ್ಕಂಡು ಏಳು. ಇಷ್ಟ್ ದಿನ ಏಳ್ತಿದ್ಯಲ್ಲ, ಅಂಗೇ. ಈಗಂತೂ ನಿಂಗೂ ಗೊತ್ತು, ಇನ್ನೂ ಉಸಾರಾಗಿ ಏಳ್ತೀಯ."

"ಇಲ್ಲ ಮಾವ."

"ಬೆಳಿಗ್ಗೆ ಆರಕ್ಕೇ ಓಗಾಣ. ಯಾರೂ ಇರಾದಿಲ್ಲ."

"ಇಲ್ಲ."

"ನಂಗ್ ಬ್ಯಾರೆ ಏನದೆಯವ್ವ?" ಎಂದ. ಬೇಡುವ ದನಿಯಲ್ಲ, ಲೆಕ್ಕಕ್ಕೆ ಕೇಳಿದಂತೆ ಕೇಳಿದ. ಹೂಂ ಎನ್ನಬೇಕೆಂದು ಎಷ್ಟು ಆಸೆಯಾಯಿತೆಂದರೆ ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದುಕೊಂಡೆ. ಆ ಹೆಂಗಸಿನ ಬಗ್ಗಿದ ಬೆನ್ನು ಕಣ್ಣೆದುರು ಇತ್ತು. ಬಸ್ಸಿನಲ್ಲಿ ನನ್ನ ಮಾತು ಕೇಳಿ ಓಡಿಸುವ ಡ್ರೈವರಿಗೆ ಮುಂದಿನದಾದರೂ ಕಾಣುತ್ತದೆ. "ನಾ ಏಳಲ್ಲ ಮಾವ. ನೀ ಇನ್ ರಿಮೋಟ್ ಮುಟ್ಬ್ಯಾಡ" ಎಂದೆ. ಹಾಗೆ ಅಷ್ಟು ಒರಟಾಗಿ ಹೇಳಬೇಕಾಗಿರಲಿಲ್ಲ. ನನಗೆ ಬೇರೆ ರೀತಿ ಹೇಳಲು ಬರುವುದಿಲ್ಲ.

ಆಮೇಲೆ ಒಂದು ತಿಂಗಳು ಅವನು ನನ್ನ ಹತ್ತಿರ ಮಾತಾಡಲಿಲ್ಲ. ಅಂಗಡಿಗೆ ಹೋದರೆ ಅತ್ತೆಗೆ ಹೇಳುತ್ತಿದ್ದ, ಅತ್ತೆ ನನಗೆ ಹೇಳುತ್ತಿದ್ದಳು. ಹನಿ ಹಾಕಲು ಮಾತ್ರ ಕತ್ತೆತ್ತಿ ಕೂರುತ್ತಿದ್ದ, ಸಂಜೆಯ ಹನಿ ನಾನು ಹಾಕುತ್ತಿದ್ದೆ. ಒಂದು ದಿನ ಹೋದಾಗ ನನ್ನ ಬೂದು ಜೆಟ್ಟಿನ ರೆಕ್ಕೆ ಮೇಜಿನ ಮೇಲಿತ್ತು. ಥಿನ್ನರು ತಿಂದ ಜಾಗವನ್ನು ಚೌಕಾಕಾರ ಕೊಯ್ದು ತೆಗೆದು, ಅಷ್ಟೇ ಅಳತೆಯ ಹೊಸ ತುಂಡು ಕೂರಿಸಿದ್ದ. ಬೆರಳಾಡಿಸಿದರೆ ಕೂಡಿಸಿದ ಗೆರೆ ಸಿಗುತ್ತಿರಲಿಲ್ಲ. ಬೆರಳಿನಲ್ಲೇ ಮಾಡಿದ ಕೆಲಸ ಅದು. ನಾನು ಅದಕ್ಕೆ ಬಣ್ಣ ಹೊಡೆದೆ.

ಮೊದಲ ಮಳೆ ಬಿದ್ದು ಕೆರೆಗೆ ನೀರು ಬರುವ ಮುಂಚೆ ಒಂದು ಬೆಳಗ್ಗೆ ಅದನ್ನು ತೆಗೆದುಕೊಂಡು ಹೊರಟೆ. ಅವನು ಬರುವುದಿಲ್ಲ ಎಂದುಕೊಂಡಿದ್ದೆ, ಬಂದು ಹಿಂದೆ ಕೂತ. ಕೆರೆಯಲ್ಲಿ ಸುತ್ತ ನೋಡಿದೆ, ಒಂದು ಕುರಿಯೂ ಇರಲಿಲ್ಲ. ಅವನು ಎರಡು ಬೆರಳ ತುದಿಯ ಮೇಲೆ ರೆಕ್ಕೆ ಇಟ್ಟು ತೂಕ ನೋಡಿದ, ಬ್ಯಾಟರಿಯನ್ನು ಮುಂದಕ್ಕೆ ಒಂದು ಗೆರೆ ಸರಿಸಿದ, ಮೂತಿ ಒಂಚೂರು ಬಗ್ಗಿತು. ಅವನೇ ಎಸೆದ. ಕೈಯಿಂದ ಹೊರಟ ಕೂಡಲೇ ಅದು ನೆಟ್ಟಗೆ ಏ‍ರಿತು. ಅಷ್ಟು ಚೆನ್ನಾಗಿ ಹಾರಿದ ಜೆಟ್ಟನ್ನು ನಾನು ಅವತ್ತಿನವರೆಗೆ ಹಾರಿಸಿರಲಿಲ್ಲ. ಸುತ್ತು ಹೊಡೆಸುತ್ತ ಹೊಡೆಸುತ್ತ ಎಲ್ಲ ಮರೆತುಹೋಯಿತು.

ಅಲಾರಂ ಕೂಗಿತು. ಬ್ಯಾಟರಿಯಲ್ಲಿ ಇನ್ನು ಒಂದೂವರೆ ನಿಮಿಷ. ಹೆಬ್ಬೆರಳು ಮರಗಟ್ಟಿತು. ನಾನು ಯೋಚಿಸಲಿಲ್ಲ. ಕಣ್ಣನ್ನು ಆಕಾಶದಿಂದ ಕೀಳದೆ ರಿಮೋಟನ್ನು ಪಕ್ಕಕ್ಕೆ ಚಾಚಿದೆ. "ತಕ್ಕೊ ಮಾವ" ಎಂದೆ.

ಅವನು ತೆಗೆದುಕೊಳ್ಳಲಿಲ್ಲ.

"ತಕ್ಕೊ, ಬಿದ್ದೋಯ್ತದೆ! ನಾ ಏಳ್ತೀನಿ, ತಕ್ಕೊ!"

"ನೀನೇ ಇಳ್ಸು" ಎಂದ. ದನಿ ಹಿಂದಿನಿಂದ ಬಂತು, ಅವನು ಎರಡು ಹೆಜ್ಜೆ ಹಿಂದೆ ಸರಿದಿದ್ದ. "ಪವರ್ ತಗಿ. ತಗದು ಸುಮ್ನಿರು."

ತೆಗೆದೆ. ಜೆಟ್ಟು ಇಳಿಯುತ್ತ ಬಂತು. ಸುಮ್ಮನಿದ್ದೆ. ಎರಡು ಸಲ ಬೆರಳು ಹೋಗಲು ನೋಡಿತು, ತಡೆದೆ. ನೆಲ ಹತ್ತಿರವಾದಾಗ ಮೂತಿ ಎತ್ತಿದೆ, ಅದು ಗರಿಕೆಯ ಮೇಲೆ ಸರ್ರೆಂದು ಜಾರಿ, ಅರ್ಧ ತಿರುಗಿ ನಿಂತಿತು. ಅವನು ಇಳಿಸಿದಷ್ಟು ಚಂದವಾಗಿ ಏನಲ್ಲ. ಆದರೂ ಮುರಿಯಲಿಲ್ಲ.

ತಿರುಗಿ ನೋಡಿದರೆ ಮಾವ ಅಂಗಳಕ್ಕೆ ಬೆನ್ನು ಹಾಕಿ, ಎರಡೂ ಕೈ ಕಂಕುಳಲ್ಲಿ ಬಿಗಿದುಕೊಂಡು ನಿಂತಿದ್ದ. "ಇಳೀತಾ?" ಎಂದ.

"ಇಳೀತು ಮಾವ."

"ಸರಿ, ನಡಿ ಎತ್ಕಬರಾಣ" ಎಂದು ಹೊರಟ. ಕೈಯನ್ನು ಮಾತ್ರ ಕಂಕುಳಿಂದ ತೆಗೆಯಲಿಲ್ಲ. ಅವನು ತೆಗೆದುಕೊಂಡಿದ್ದರೆ ನಾನು ಕೊಟ್ಟುಬಿಡುತ್ತಿದ್ದೆ. ಅದು ಇಬ್ಬರಿಗೂ ಗೊತ್ತಿತ್ತು.